ಎದುರುಮನೆ ಮಾವನ ಕೊನೆಯ ಚುನಾವಣೆ

ಮೊನ್ನೆ ಮೊಮ್ಮಗಳು ಶಾಲೆಯ ಚಿತ್ರಪಟಕ್ಕೆಂದು ಮೈದಾ ಹಿಟ್ಟು ಕುದಿಸಿ ಅಂಟು ಮಾಡಿದಳು. ಆ ಬಿಸಿ ಅಂಟಿನ ವಾಸನೆ ಮೂಗಿಗೆ ಬಡಿದದ್ದೇ ತಡ, ಕೊಟ್ಟೂರಿನ ನಮ್ಮ ಓಣಿ, ಗೋಡೆ ತುಂಬ ಹಚ್ಚಿದ ಚುನಾವಣೆಯ ಪೋಸ್ಟರುಗಳು, ಅವುಗಳಲ್ಲಿ ನಗುತ್ತಿದ್ದ ಎದುರುಮನೆ ಮಾವ... ಎಲ್ಲ ನೆನಪಾದವು.

ಎಪ್ಪತ್ತರ ದಶಕದಲ್ಲಿ ಅವರು ಒಮ್ಮೆ ಲೋಕಸಭೆಗೆ ಗೆದ್ದಿದ್ದರು. ಬಂಧುಗಳಲ್ಲದಿದ್ದರೂ ಅವರನ್ನು ಮಾವ, ಅವರ ಹೆಂಡತಿಯನ್ನು ಅತ್ತೆ ಎನ್ನುತ್ತಿದ್ದೆ. ಆಗ ನಾನು ಅಲ್ಲಿಯ ಶಾಲೆಗೆ ಹೊಸ ಟೀಚರು. ಮಾವ ದಿಲ್ಲಿಯಲ್ಲಿದ್ದಾಗ ಅವರ ಒಬ್ಬಳೇ ಮಗಳು ಜ್ವರ ಬಂದು ತೀರಿಕೊಂಡಳು. ಟ್ರಂಕ್ ಕಾಲ್ ಸಿಕ್ಕು, ರೈಲು ಹಿಡಿದು ಅವರು ಬರುವಷ್ಟರಲ್ಲಿ ಮಣ್ಣು ಮಾಡಿ ಆಗಿತ್ತು. ಅತ್ತೆ ಕೈಕಾಲಿಗೆ ನೀರು ಕೊಟ್ಟು ಒಳಗೆ ಹೋದರು.

ಮುಂದಿನ ಸಲ ಪಕ್ಷ ಮಾವನಿಗೆ ಟಿಕೆಟ್ ಕೊಡಲಿಲ್ಲ. ಅವರ ಕೈಕೆಳಗೇ ಬೆಳೆದವನೊಬ್ಬನಿಗೆ ಕೊಟ್ಟಿತು. ಅತ್ತೆಗೆ ಒಳಗೊಳಗೇ ಸಮಾಧಾನ... ಆದರೆ ಮಾವ ಪಕ್ಷೇತರರಾಗಿ ನಿಂತುಬಿಟ್ಟರು. ಹಳೆಯ ಜೀಪಿನಲ್ಲಿ ಗುಡೇಕೋಟೆ, ಹಡಗಲಿ, ಹರಪನಹಳ್ಳಿ ಎಂದು ತಿರುಗಿದರು. ಹಿಂದೆ ಹಾರ ಹಿಡಿದು ಕಾದಿದ್ದ ಊರುಗಳಲ್ಲೇ ಈಗ ಜನ ಚಹಾ ಕೊಟ್ಟು ಮುಖ ತಪ್ಪಿಸುತ್ತಿದ್ದರು. ಒಂದು ಸಂಜೆ ಭಾಷಣ ಮಾಡಿ ಮಾಡಿ ಗಂಟಲು ಕಟ್ಟಿಕೊಂಡು ಬಂದ ಮಾವ ನನಗೆ ಹೇಳಿದರು: "ಯಾರು ಕೈಬಿಟ್ರೂ ನಿಮ್ಮತ್ತಿ ವೋಟಂತೂ ನಂದೈತಿ ನೋಡವ್ವಾ."

ಅತ್ತೆ ಬಿಸಿನೀರು ತರಲು ಎದ್ದು ಹೋದರು.

ಮತದಾನದ ದಿನ ನಾನೂ ಅತ್ತೆಯೂ ಜೊತೆಯಲ್ಲೇ ಹೋಗಿದ್ದೆವು. ಹಿಂತಿರುಗುವಾಗ ಬೇವಿನ ನೆರಳಿನಲ್ಲಿ ನಿಂತು, ಬೆರಳಿನ ಶಾಯಿ ನೋಡಿಕೊಳ್ಳುತ್ತ ಅತ್ತೆ ಅಂದರು: "ನಾ ಅವರಿಗೆ ಹಾಕ್ಲಿಲ್ಲವ್ವಾ."

"ಯಾಕ್ರೀ ಅತ್ತಿ?"

"ಗೆದ್ರ ಮತ್ತ ದಿಲ್ಲಿಗೆ ಹೋಗ್ತಾರ. ಆ ಮನ್ಯಾಗ ನಾ ಇನ್ನೊಮ್ಮಿ ಒಬ್ಬಾಕಿನ ಇರಲಾರೆ."

ಮಾವ ಹೀನಾಯವಾಗಿ ಸೋತರು. ಒಂದು ಮತದಿಂದ ಏನೂ ಬದಲಾಗುತ್ತಿರಲಿಲ್ಲ. ಅತ್ತೆ ಬಯಸಿದಂತೆ ಮಾವ ಮನೆಯಲ್ಲೇ ಉಳಿದರು. ಆದರೆ ದಿನವಿಡೀ ಕಟ್ಟೆಯ ಮೇಲೆ ಕೂತು ಓಣಿಯ ತುದಿ ನೋಡುತ್ತಿದ್ದರು. ಜೀಪಿನ ಸದ್ದಾದರೆ ಸಾಕು, ಅಂಗಿಯ ಗುಂಡಿ ಹಾಕಿಕೊಂಡು ಎದ್ದು ನಿಲ್ಲುತ್ತಿದ್ದರು. ಜೀಪು ಮುಂದೆ ಹೋಗಿಬಿಡುತ್ತಿತ್ತು. ಅತ್ತೆ ಊಟಕ್ಕೆ ಕರೆದರೂ ಅವರಿಗೆ ಕೇಳಿಸುತ್ತಿರಲಿಲ್ಲ. ಹಾಗೆಯೇ ಕೊರಗಿ ಕೊರಗಿ ಕೆಲವೇ ವರ್ಷಗಳಲ್ಲಿ...

ಅವರ ಮಣ್ಣಾದ ದಿನ ಅತ್ತೆ ನನ್ನ ಕೈ ಹಿಡಿದು, "ಅವರಿಗೆ ಗೊತ್ತಿತ್ತೇನವ್ವಾ?" ಎಂದು ಕೇಳಿದರು.

"ಇಲ್ರೀ ಅತ್ತಿ" ಎಂದೆ. ನಿಜ ಏನೆಂದು ನನಗೂ ತಿಳಿದಿರಲಿಲ್ಲ.

ಈಗ ಅತ್ತೆಯೂ ಇಲ್ಲ. ಆ ಮನೆ ಬಟ್ಟೆ ಅಂಗಡಿಯಾಗಿದೆ. ಹೋದ ಸಲ ಊರಿಗೆ ಹೋದಾಗ ಅಂಗಡಿಯವನಿಗೆ ಇದು ನಮ್ಮ ಎಂಪಿಯವರ ಮನೆಯಾಗಿತ್ತು ಎಂದೆ. ಅವನು ಬಟ್ಟೆ ಮಡಚುತ್ತಲೇ ಕೇಳಿದ: "ಯಾವ ಎಂಪಿರೀ?"