ಒಂಬತ್ತನೇ ಅಂತಸ್ತಿನ ಪುಟ್ಸಾಮಿ

ಸತ್ತರೆ ಸತ್ತಂತೆಯೇ ಆಗಿದ್ದ ಆಟವೊಂದನ್ನು ನಾವು ಆಗ ಆಡುತ್ತಿದ್ದೆವು. ಬಿದ್ದಲ್ಲಿಂದಲೇ ಮೈ ಕೊಡವಿಕೊಂಡು ಮತ್ತೆ ಹೊರಡುವ ಈಗಿನ ಸೌಕರ್ಯ ಅದರಲ್ಲಿ ಇರಲಿಲ್ಲ. ವಾರಗಟ್ಟಲೆ ಬೆಳೆಸಿದವನು ಒಂದು ತಪ್ಪು ಕೀಲಿಗೆ ಹೋಗಿಬಿಡುತ್ತಿದ್ದ. ಪಕ್ಕದ ಮನೆಯ ಕಂಪ್ಯೂಟರಿನ ಮುಂದೆ, ಒಂದೇ ಕುರ್ಚಿಯಲ್ಲಿ ಇಬ್ಬರು ಅರ್ಧರ್ಧ ಕೂತು ಬೇಸಿಗೆ ರಜೆ ಕಳೆದವರಿಗೆ ಆ ಸಂಕಟ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಅಪ್ಪನಿಗೆ ಮದ್ರಾಸಿನ ಅಂಬತ್ತೂರಿನ ಕಾರ್ಖಾನೆಯಲ್ಲಿ ಕೆಲಸವಾಗಿ ಮಂಡ್ಯದಿಂದ ನಾವು ಬಂದಿಳಿದದ್ದು ಏಪ್ರಿಲ್ ತಿಂಗಳಲ್ಲಿ. ನನಗೆ ಹನ್ನೊಂದು ವರ್ಷ. ತಮಿಳಿನ ಒಂದಕ್ಷರ ಬಾರದು. ಬೀದಿ ತುದಿಯ ಅಂಗಡಿಗೆ ಹೋಗು ಅಂದರೆ ಹೊಸ್ತಿಲು ದಾಟುತ್ತಿರಲಿಲ್ಲ. "ಒಂದು ಕಟ್ಟು ಕೊತ್ತಂಬ್ರಿ ತಗಂಬಾ ಅಂದ್ರೆ ಹಿಂಗೆ ಗೋಡೆಗೆ ಅಂಟ್ಕಂಡು ನಿಂತ್ಕತೀಯಲ್ಲವ್ವ!" ಎಂದು ಅಮ್ಮ ಬೈದು, ಕೊನೆಗೆ ತಾನೇ ಚೀಲ ಹಿಡಿದು ಹೊರಡುತ್ತಿದ್ದಳು.

ನಾವಿದ್ದದ್ದು ಮಹಡಿಯ ಮೇಲೆ. ಕೆಳಗಿನ ಮನೆಯಲ್ಲಿ ರಂಗನಾಯಕಿ ಇದ್ದಳು. ನನಗಿಂತ ಎರಡು ವರ್ಷ ದೊಡ್ಡವಳು. ಅವಳ ಮನೆಯವರು ನಾಲ್ಕು ತಲೆಮಾರಿನಿಂದ ಮದ್ರಾಸಿನವರು, ಆದರೂ ಮನೆಮಾತು ಕನ್ನಡ. ಮೊದಲ ದಿನ ಮೆಟ್ಟಿಲ ಬಳಿ ನನ್ನನ್ನು ಕಂಡವಳೇ ಕಣ್ಣರಳಿಸಿ, "ನೀ ಕನ್ನಡಮಾ? ನಾವೂ ಕನ್ನಡ ದಾನ್ ಡೀ!" ಅಂದಳು. 'ದಾನ್' ಅಂದರೆ 'ತಾನೇ', 'ಡೀ' ಅಂದರೆ 'ಕಣೇ' ಎಂದು ಆಮೇಲೆ ತಿಳಿಯಿತು. ಅವಳ ಮಾತಿನಲ್ಲಿ ಅರ್ಧ ನನಗೆ ಅರ್ಥವಾಗುತ್ತಿರಲಿಲ್ಲ, ಉಳಿದರ್ಧ ನಗು ತರಿಸುತ್ತಿತ್ತು. ಆದರೂ ಆ ಊರಿನಲ್ಲಿ ನನ್ನ ಓರಗೆಯವರ ಪೈಕಿ ಮಾತಿಗೆ ಸಿಕ್ಕವಳು ಅವಳೊಬ್ಬಳೇ.

ಅವಳ ಅಪ್ಪ ಗಿಂಡಿ ಎಂಬಲ್ಲಿನ ಆಫೀಸಿನಿಂದ ತಂದ ಹಳೆಯ ಕಂಪ್ಯೂಟರಿನಲ್ಲಿ ಆ ಆಟವಿತ್ತು. ಚಿತ್ರ ಗಿತ್ರ ಏನೂ ಇಲ್ಲ. ಕಪ್ಪು ಪರದೆಯ ಮೇಲೆ ಚುಕ್ಕಿಗಳೆಂದರೆ ನೆಲ, ಗೆರೆಗಳೆಂದರೆ ಗೋಡೆ. ಇಂಗ್ಲಿಷಿನ ಚಿಕ್ಕಕ್ಷರಗಳು ಇಲಿ, ಬಾವಲಿ; ದೊಡ್ಡಕ್ಷರ ಕಂಡರೆ ಓಡಬೇಕು. ಭೂಮಿಯ ಕೆಳಗೆ ಹತ್ತು ಅಂತಸ್ತು, ಹತ್ತನೆಯದರಲ್ಲಿ ಒಂದು ದೀಪ, ಅದನ್ನು ಮೇಲಕ್ಕೆ ತಂದರೆ ಗೆದ್ದಂತೆ. ಸೆಕೆಗೆ ಕಂಪ್ಯೂಟರ್ ನಿಂತುಬಿಡುತ್ತದೆಂದು ಫ್ಯಾನನ್ನು ಅದರ ಕಡೆಗೇ ತಿರುಗಿಸಿ, ನಾವು ಬೆವರು ಒರೆಸಿಕೊಳ್ಳುತ್ತ ಉಪ್ಪು ಖಾರ ಹಚ್ಚಿದ ಮಾವಿನಕಾಯಿ ಕಡಿಯುತ್ತ ಕೂರುತ್ತಿದ್ದೆವು. ಕೀಲಿ ಒತ್ತುವುದು ರಂಗಾ. ನೋಟ್‌ಬುಕ್ ಹಿಡಿದು, ಚೀಲದಲ್ಲಿ ಏನಿದೆ, ಯಾರು ಎಷ್ಟು ಆಳಕ್ಕೆ ಹೋಗಬಹುದು ಎಂದು ನೋಡಿಕೊಳ್ಳುವುದು ನಾನು.

ಆ ನೋಟ್‌ಬುಕ್ಕಿನ ಒಂದೊಂದು ಸಾಲಿಗೂ ಯಾರೋ ಒಬ್ಬ ಪ್ರಾಣ ಕೊಟ್ಟಿದ್ದ. ಪ್ರತಿ ಆಟಕ್ಕೂ ಯೋಧ, ಕಳ್ಳ, ಮಂತ್ರವಾದಿ ಈ ಮೂವರಲ್ಲಿ ಒಬ್ಬನನ್ನು ಆರಿಸಿಕೊಳ್ಳಬೇಕಿತ್ತು. ಯೋಧ ನಾಲ್ಕನೇ ಅಂತಸ್ತಿನವರೆಗೆ ಕಣ್ಣು ಮುಚ್ಚಿಕೊಂಡು ಇಳಿಯಬಹುದು, ಆಮೇಲೆ ಬರೀ ತೋಳಬಲ ಸಾಲುವುದಿಲ್ಲ. ಕಳ್ಳ ಆರರವರೆಗೂ ಹೋಗಿಬರುತ್ತಾನೆ, ಆದರೆ ಎಲ್ಲೂ ನಿಲ್ಲಕೂಡದು. ಮಂತ್ರವಾದಿಯ ಕಥೆಯೇ ಬೇರೆ. ಬೆಂಕಿಮಂತ್ರ ಕಲಿಯುವ ತನಕ ಅವನನ್ನು ಇಲಿಯೂ ಕೊಲ್ಲಬಲ್ಲದು, ಹಾಗಾಗಿ ಮೊದಲೆರಡು ಅಂತಸ್ತಿನಲ್ಲೇ ಸುತ್ತಬೇಕು.

ರಂಗಾ ಜನರನ್ನೂ ಹೀಗೆ ವಿಂಗಡಿಸುತ್ತಿದ್ದಳು. ನಮ್ಮಮ್ಮ ಯೋಧ. ಕೇಳದೆಯೇ ಮನೆಯೊಳಗೆಲ್ಲ ಓಡಾಡುವ ಪಕ್ಕದ ಬೀದಿಯ ಬೆಕ್ಕು ಕಳ್ಳ. ನಾನು ಮಂತ್ರವಾದಿ. ನಮ್ಮ ಬೀದಿಯ ಅಂಗಡಿ ಒಂದನೇ ಅಂತಸ್ತಂತೆ, ಅಂಬತ್ತೂರು ಸ್ಟೇಷನ್ ಮೂರಂತೆ, ಹೀಗೆ ಇಡೀ ಊರಿಗೇ ಅಂತಸ್ತು ಹಚ್ಚಿದ್ದಳು. "ನೀ ಇನ್ನೂ ಒಂದಕ್ಕೇ ಇಳೀಲಿಲ್ಲ," ಎಂದು ಅವಳು ರೇಗಿಸಿದಾಗ ನನ್ನ ಮುಖ ಸಣ್ಣಗಾಯಿತು. ಅವಳು ತಕ್ಷಣ ಭುಜ ತಟ್ಟಿ, "ಪರವಾಯಿಲ್ಲ ಡೀ. ಮಂತ್ರವಾದಿ ಮೊದಲು ಮೇಲೇ ಇರೋದು. ಆಮೇಲೆ ಎಲ್ಲರಿಗಿಂತ ಕೆಳಗೆ ಹೋಗೋದೂ ಅವನೇ ದಾನ್," ಅಂದಳು.

ಮೇ ತಿಂಗಳ ನಡುವೆ ಅವಳ ಅಪ್ಪ ಊರಿನ ಇನ್ನೊಂದು ತುದಿಯ ತಾಂಬರಂನಲ್ಲಿ ಮನೆ ಕಟ್ಟಿಸಿ ಮುಗಿಸಿದರು. ತಿಂಗಳ ಕೊನೆಗೆ ಅವರು ಹೊರಡುವವರು. ತಾಂಬರಂಗೆ ರಂಗಾ ಯಾವ ಸಂಖ್ಯೆ ಕೊಟ್ಟಿದ್ದಳು ಗೊತ್ತೇ? ಹತ್ತು. ನನಗೆ ಅಳು ಬಂತು. ಅವಳಿಗೂ ಬಂದಿರಬೇಕು, ಏಕೆಂದರೆ ಅಂದೇ ಮಧ್ಯಾಹ್ನ ಹೊಸ ಮಂತ್ರವಾದಿಯೊಬ್ಬನನ್ನು ಹುಟ್ಟಿಸಿ, "ಹೋಗೋದರೊಳಗೆ ದೀಪ ತಂದೇ ತರಬೇಕು," ಅಂದಳು. ಅವನಿಗೆ ನಾನು ಪುಟ್ಸಾಮಿ ಎಂದು ಹೆಸರಿಟ್ಟೆ.

ಪುಟ್ಸಾಮಿಯಂಥ ತಾಳ್ಮೆಯ ಮನುಷ್ಯನನ್ನು ನಾನು ಇನ್ನೆಲ್ಲೂ ಕಂಡಿಲ್ಲ. ನಾಲ್ಕು ದಿನ ಎರಡನೇ ಅಂತಸ್ತು ಬಿಟ್ಟು ಕದಲಲಿಲ್ಲ. ಬೆಂಕಿಮಂತ್ರ ಕಲಿತ, ಐದಕ್ಕಿಳಿದ, ಏಳಕ್ಕಿಳಿದ. ಅವಳ ಮನೆಯವರು ಪಾತ್ರೆ ಪಗಡ ಗೋಣಿಗೆ ತುಂಬುತ್ತಿದ್ದ ದಿನ ಅವನು ಒಂಬತ್ತನೇ ಅಂತಸ್ತಿನಲ್ಲಿದ್ದ. ಜೀವ ಕೊಂಚವೇ ಉಳಿದಿತ್ತು. ಕಾಲ ಕೆಳಗೇ ಮೆಟ್ಟಿಲು, ಓಣಿಯ ಆ ತುದಿಯಲ್ಲಿ ಒಂದು ದೊಡ್ಡಕ್ಷರ ನಿಧಾನವಾಗಿ ಬರುತ್ತಿತ್ತು. ಮೂರನೇ ಅಂತಸ್ತಿನಲ್ಲಿ ಸಿಕ್ಕ ಜೀವದ ಔಷಧಿ ಇನ್ನೂ ಚೀಲದಲ್ಲಿದೆ ಎಂಬುದು ನೋಟ್‌ಬುಕ್ ನೋಡಿ ನನಗೆ ನೆನಪಾಯಿತು. ರಂಗಾಳ ಬೆರಳು ಮೆಟ್ಟಿಲಿಳಿಯುವ ಕೀಲಿಯ ಮೇಲಿತ್ತು.

ಬೇರೆ ದಿನವಾಗಿದ್ದರೆ ಅವಳ ಮನೆಯ ರೂಢಿಯಂತೆ "ಇರು" ಅನ್ನುತ್ತಿದ್ದೆ. ಗಾಬರಿಯಲ್ಲಿ ನಮ್ಮ ಮನೆಯ ಮಾತು ಬಾಯಿಗೆ ಬಂತು. "ತಾಳು! ತಾಳು ತಾಳು!" ಎಂದು ಕಿರುಚಿದೆ.

ಅವಳು ಕೀಲಿ ಒತ್ತಿದಳು. ಹತ್ತನೇ ಅಂತಸ್ತಿನಲ್ಲಿ ಪುಟ್ಸಾಮಿಯ ಸುತ್ತ ಎಲ್ಲಿ ನೋಡಿದರೂ ದೊಡ್ಡಕ್ಷರಗಳು. ಒಂದು ಕ್ಷಣವೂ ಹಿಡಿಯಲಿಲ್ಲ. ಪರದೆಯ ಮೇಲೆ ಗೆರೆಗಳಲ್ಲಿ ಬರೆದ ಗೋರಿಕಲ್ಲು ಬಂತು.

"ಯಾಕೆ ಇಳಿದೆ?" ಅಂದೆ.

"ನೀ ತಾನೆ ತಳ್ಳು ತಳ್ಳು ಅಂದಿ!"

"ತಾಳು ಅಂದೆ! ತಾಳು!"

"ಅದೇ ದಾನ್ ಡೀ! ತಳ್ಳಿದೆ!"

ಈಗ ಯಾರಿಗಾದರೂ ಹೇಳಿದರೆ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ಅವತ್ತು ನನಗೆ ನಗು ಬರಲಿಲ್ಲ. "ನಿಂಗೆ ಕನ್ನಡಾನೇ ಬರಲ್ಲ," ಅಂದೆ, "ಸುಮ್ನೆ ಕನ್ನಡ ಕನ್ನಡ ಅಂತೀಯ." ನಾವೂ ಕನ್ನಡ ದಾನ್ ಎಂದು ಅಷ್ಟು ಸಂತೋಷದಿಂದ ನನ್ನ ಕೈ ಹಿಡಿದವಳಿಗೆ ನಾನು ಹೇಳಿದ ಮಾತು ಅದು. ಅವಳು ಕಂಪ್ಯೂಟರ್ ಆರಿಸಿದಳು. ಮರುದಿನ ಲಾರಿ ಬಂತು. ನಾನು ಮೇಲಿನ ಕಿಟಕಿಯಿಂದ ನೋಡಿದೆನೇ ಹೊರತು ಕೆಳಗಿಳಿಯಲಿಲ್ಲ. ಮಾತು ಹೇಗೆ ವಾಪಸ್ಸು ತೆಗೆದುಕೊಳ್ಳುವುದೆಂದು ಗೊತ್ತಿರಲಿಲ್ಲ, ಜೊತೆಗೆ ನಾನು ಹೇಡಿ ಬೇರೆ.

ಜೂನ್‌ನಲ್ಲಿ ಶಾಲೆ ಶುರುವಾಯಿತು. ಎಲ್ಲರ ಮಾತನ್ನೂ ಕೇಳುತ್ತ, ತುಟಿ ಬಿಚ್ಚದೆ ಮೂರು ವಾರ ಕಳೆದೆ. ಒಂದು ಶನಿವಾರ ತಡೆಯಲಾರದೆ ಅಪ್ಪನಿಗೆ ಎಲ್ಲ ಹೇಳಿ, ತಾಂಬರಂಗೆ ಕರೆದುಕೊಂಡು ಹೋಗು ಎಂದೆ. ಅಪ್ಪ, "ಹೋಗಾನ. ಆದ್ರೆ ಟಿಕೀಟು, ದಾರಿ ಕೇಳಾದು ಎಲ್ಲ ನೀನೇ. ನಾನು ಬಾಯ್ ಬಿಡಕಿಲ್ಲ," ಅಂದ.

ಭಾನುವಾರ ಬೆಳಿಗ್ಗೆ ಅಂಬತ್ತೂರು ಸ್ಟೇಷನ್ನಿನ ಕಿಟಕಿಗೆ ಮುಖ ಒಡ್ಡಿ, "ತಾಂಬರಂ ರೆಂಡು," ಅಂದೆ. ಒಳಗಿನವರು "ರಿಟರ್ನಾ?" ಅಂದರು. "ಆಮಾಂ," ಅಂದೆ. ಅಷ್ಟೇ. ಅಷ್ಟಕ್ಕೇ ಎರಡು ತಿಂಗಳು ಹೆದರಿದ್ದೆ! ಸೆಂಟ್ರಲ್‌ನಲ್ಲಿ ಇಳಿದು ರಸ್ತೆ ದಾಟಿ ಇನ್ನೊಂದು ರೈಲು ಹತ್ತಿದೆವು. ತಾಂಬರಂನಲ್ಲಿ ಹೂ ಮಾರುವ ಅಕ್ಕನಿಗೆ, ರಂಗಾಳ ಅಪ್ಪ ಹೋಗುವಾಗ ಬರೆದುಕೊಟ್ಟಿದ್ದ ವಿಳಾಸದಲ್ಲಿ ಬೀದಿಯ ಹೆಸರು ತೋರಿಸಿ, "ಇಂದ ತೆರು ಎಂಗೆ, ಅಕ್ಕಾ?" ಎಂದು ಕೇಳಿದೆ. ಆಕೆ ಹೇಳಿದ್ದರಲ್ಲಿ ಮುಕ್ಕಾಲು ಅರ್ಥವಾಗಿ, ನನಗೇ ಆಶ್ಚರ್ಯವಾಯಿತು.

ಬಾಗಿಲು ತೆಗೆದವಳು ರಂಗಾ. ಕಣ್ಣು ಕಣ್ಣು ಬಿಟ್ಟಳು. ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದ ಮಾತು ಒಂದೂ ನೆನಪಿಗೆ ಬರದೆ, "ನಾನು ಹಂಗಂದಿದ್ದು ತಪ್ಪು," ಎಂದಷ್ಟೇ ಹೇಳಿ ಅತ್ತುಬಿಟ್ಟೆ. ಅವಳು ನನ್ನ ಕೈ ಹಿಡಿದು ಒಳಗೆ ಎಳೆದುಕೊಂಡು ಹೋಗಿ ಕಂಪ್ಯೂಟರ್ ಹಚ್ಚಿದಳು. ಒಬ್ಬ ಹೊಸ ಮಂತ್ರವಾದಿ ಒಂದನೇ ಅಂತಸ್ತಿನಲ್ಲಿ, ಬಂದಿಳಿದ ಜಾಗದಲ್ಲೇ ನಿಂತಿದ್ದ. ಹೆಸರು ಚೈತ್ರಾ. ನನ್ನ ಹೆಸರು.

"ಒಂದು ಹೆಜ್ಜೇನೂ ಇಟ್ಟಿಲ್ಲವಲ್ಲೇ," ಅಂದೆ.

"ಅಜ್ಜಿ ಹತ್ರ ಕೇಳಿದೆ. ಅವಳ ಅಮ್ಮಾವೂ ಆ ಮಾತು ಹೇಳ್ತಾ ಇದ್ದಳಂತೆ. ನಾವು ದಾನ್ ಮರೆತುಬಿಟ್ಟಿದೀವಿ," ಅಂದಳು ರಂಗಾ. "ನೀ ತಾಳು ಅಂದಿ ಅಲ್ವಾ? ತಾಳ್ತಾ ಇದೀನಿ."

ಆಮೇಲೆ ಅರ್ಧರ್ಧ ಕುರ್ಚಿಯಲ್ಲಿ ಕೂತು ಹೊರಟೆವು. ಕಂಪ್ಯೂಟರಿನ ಚೈತ್ರಾ ಎರಡನೇ ಅಂತಸ್ತಿನಲ್ಲಿ ಇಲಿ ಕಚ್ಚಿ ಸತ್ತಳು. ನಿಜವಾದ ಚೈತ್ರಾ ಹತ್ತನೇ ಅಂತಸ್ತಿನಲ್ಲಿ ರಂಗಾಳ ಅಮ್ಮ ಬಡಿಸಿದ ಪುಳಿಯೋಗರೆ ಎರಡು ಸಲ ಹಾಕಿಸಿಕೊಂಡು ತಿಂದಳು.

ಆ ದೀಪವನ್ನು ನಾವು ಕೊನೆಗೂ ತರಲಿಲ್ಲ. ಅಂಬತ್ತೂರಿನ ಆ ಮನೆಯನ್ನು ಕೆಡವಿ ಅಪಾರ್ಟ್‌ಮೆಂಟ್ ಎಬ್ಬಿಸಿದ್ದಾರೆ, ನೋಟ್‌ಬುಕ್ ಯಾವ ರದ್ದಿಗೆ ಹೋಯಿತೋ. ಅಂಥದೇ ಆಟ ಈಗ ನನ್ನ ಮಗಳ ಫೋನಿನಲ್ಲಿದೆ, ಬಣ್ಣ ಬಣ್ಣದ್ದು. ಸತ್ತರೆ ಮರುಕ್ಷಣ ಎದ್ದು ಬರುತ್ತಾರೆ. ಅದಕ್ಕೇ ಇರಬೇಕು, ಯಾರು ಎಷ್ಟು ಆಳಕ್ಕೆ ಹೋಗಬಹುದೆಂದು ಯಾರೂ ಬರೆದಿಡುವುದಿಲ್ಲ, ಪಕ್ಕದಲ್ಲಿ ಕೂತು ಕಿರುಚುವವರೂ ಬೇಕಾಗಿಲ್ಲ. ಆ ಅರ್ಧ ಕುರ್ಚಿ ನನಗೆ ಈಗಲೂ ಬೇಕೆನಿಸುತ್ತದೆ. ಮಗಳಿಗೆ ಕನ್ನಡ ತಿಳಿಯುತ್ತದೆ, ಉತ್ತರ ಮಾತ್ರ ತಮಿಳಿನಲ್ಲಿ. ನಾನು ಅದಕ್ಕಾಗಿ ಅವಳನ್ನು ಎಂದೂ ಆಡಿಕೊಂಡಿಲ್ಲ.

ಮೊನ್ನೆ ರಂಗಾ ಬಂದಿದ್ದಳು. ಮಗಳಿಗೆ ಅವಳು ಪೆರಿಯಮ್ಮ, ಅಂದರೆ ದೊಡ್ಡಮ್ಮ. ಸೋಫಾದಲ್ಲಿ ಮಗಳನ್ನು ಒತ್ತರಿಸಿ ಕೂತು ಆಟ ನೋಡುತ್ತಿದ್ದವಳು ಇದ್ದಕ್ಕಿದ್ದಂತೆ, "ತಾಳು ಡೀ! ತಾಳು ತಾಳು!" ಎಂದು ಕೂಗಿದ್ದು ಅಡುಗೆಮನೆಗೆ ಕೇಳಿಸಿತು. ನಾನು ಸೌಟು ಹಿಡಿದುಕೊಂಡೇ ಓಡಿಬಂದೆ.

ಮಗಳ ಬೆರಳು ಪರದೆಯ ಮೇಲೆ ಹಾಗೆಯೇ ನಿಂತಿತ್ತು. "ತಾಳ್ತಿದೀನಿ, ಪೆರಿಯಮ್ಮಾ," ಅಂದಳು.