ಕಾನ್ಸೆಪ್ಟಾ ಹೆಸರಿನ ಗಿಡ

ಸರ್ವೋತ್ತಮ ಸರ್ ಒಬ್ಬರ ತಟ್ಟೆಯ ಅನ್ನ ಕಸಿದುಕೊಂಡರೂ ನೋಡುವವರಿಗೆ ಬಡಿಸಿದ ಹಾಗೆಯೇ ಕಾಣುತ್ತಿತ್ತು. ಅಂಥ ಕೈ ಅವರದು. ಉಡುಪಿಯ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರದ ಮುಖ್ಯಸ್ಥರು, ಮಣಿಪಾಲದಲ್ಲಿ ಮನೆ, ಮಾತಿಗಿಂತ ಮೊದಲು ನಗು. ಅವರ ಶಿಷ್ಯೆಯಾಗಿ ಓದಿ, ಅವರದೇ ವಿಭಾಗದಲ್ಲಿ ಅತಿಥಿ ಉಪನ್ಯಾಸಕಿಯಾಗಿ ಸೇರಿದವಳು ಕಾನ್ಸೆಪ್ಟಾ. ತಲೆಯಲ್ಲಿ ಬಿಳಿಕೂದಲು ಬಂದರೂ ಅತಿಥಿಯಾಗಿಯೇ ಉಳಿದಳು. ಕೆಲಸ ಕಾಯಂ ಆಗಬೇಕಾದರೆ ಒಳ್ಳೆಯ ಪತ್ರಿಕೆಯಲ್ಲಿ ತನ್ನ ಹೆಸರಿನ ಸಂಶೋಧನಾ ಲೇಖನ ಒಂದಾದರೂ ಬರಬೇಕಿತ್ತು. ಅವಳು ಬರೆದುಕೊಟ್ಟ ಲೇಖನಗಳೆಲ್ಲ ಸರ್ ಹೆಸರಿನಲ್ಲಿ ಬಂದವು, ಕೊನೆಯ ಸಾಲಿನಲ್ಲಿ ಅವಳಿಗೊಂದು ಕೃತಜ್ಞತೆ ಇರುತ್ತಿತ್ತು. ಕೃತಜ್ಞತೆಯನ್ನು ಹುರಿದು ತಿನ್ನಲಿಕ್ಕಾಗುತ್ತದೆಯೇ?

ಅವಳ ಮನೆ ಕಾರ್ಕಳದ ಹೊರಗೆ, ಕೆಂಪುಕಲ್ಲಿನ ಹಾಸಿನ ಪಕ್ಕದಲ್ಲಿ. ಮನೆಯಲ್ಲಿ ತಾಯಿ ಎಲಿಜಾ ಬಾಯಿ ಮಾತ್ರ. ಆ ಕಲ್ಲುಹಾಸಿನ ಮೇಲೆಯೇ ಕಾನ್ಸೆಪ್ಟಾಗೆ ಒಂದು ಕತ್ತರಿ ಪೊದೆ ಸಿಕ್ಕಿತು. ಕತ್ತರಿ ಗಿಡವೇನು ಅಪರೂಪದ್ದಲ್ಲ. ಹಿಂದಕ್ಕೆ ಬಾಗಿದ ಜೋಡಿ ಮುಳ್ಳು, ಮೀಸೆಯಂಥ ಉದ್ದ ಕೇಸರಗಳ ಹೂವು, ಕಾಪುವಿನ ಕಡೆ ಬೇಲಿಬೇಲಿಯಲ್ಲೂ ಉಂಟು. ಆದರೆ ಈ ಪೊದೆಯ ಕಾಯಿ ಬೇರೆ. ಬೇಲಿ ಕತ್ತರಿಯ ಕಾಯಿ ಗಿಡ್ಡ ಹಿಡಿಕೆಯ ಮೇಲೆ ಕುಳಿತಿರುತ್ತದೆ, ಇದರದ್ದು ಎರಡು ಪಾಲು ಉದ್ದದ ಹಿಡಿಕೆಯಲ್ಲಿ ಜೋತಾಡುತ್ತಿತ್ತು. ಎಲೆ ಬಲಿತ ಮೇಲೂ ಅಡಿಯ ರೋಮ ಉದುರುತ್ತಿರಲಿಲ್ಲ. ಇದು ಯಾರೂ ಹೆಸರಿಡದ ಜಾತಿ ಎಂದು ಅವಳಿಗೆ ಖಾತ್ರಿಯಾಯಿತು. ಇದರಿಂದ ತನ್ನ ಬದುಕಿಗೊಂದು ದಾರಿಯಾಯಿತೆಂದು ಸಂತೋಷದಿಂದ ಅತ್ತಳು. ನೇರವಾಗಿ ಸರ್ ಹತ್ತಿರ ಒಯ್ದಳು. ಬೆಕ್ಕಿನ ಕೈಗೆ ಮೀನಿನ ಬುಟ್ಟಿ ಕೊಟ್ಟವಳು ಅವಳೇ.

ಸರ್ ಒಂದು ವಾರ ನೋಡಿದರು, ಅಳೆದರು, ಆಮೇಲೆ ಕರೆದು ಚಹಾ ತರಿಸಿದರು.

"ಕಾನ್ಸೆಪ್ಟಾ, ಈ ಗಿಡಕ್ಕೆ ನಿನ್ನ ಹೆಸರೇ ಇಡುವುದು ಅಂತ ನಾನು ತೀರ್ಮಾನ ಮಾಡಿದ್ದೇನೆ. ಪ್ರಪಂಚ ಇರುವವರೆಗೆ ನಿನ್ನ ಹೆಸರು ಇರ್ತದೆ."

ಅವಳು ಕೈಯಲ್ಲಿದ್ದ ಚಹಾವನ್ನು ಮೇಜಿನ ಮೇಲಿಟ್ಟಳು.

"ಒಂದೇ ಒಂದು ವಿಷಯ. ಲೇಖಕರಲ್ಲಿ ನಿನ್ನ ಹೆಸರು ಹಾಕ್ಲಿಕ್ಕೆ ಆಗುವುದಿಲ್ಲ. ತನ್ನ ಹೆಸರು ತಾನೇ ಗಿಡಕ್ಕೆ ಇಟ್ಟುಕೊಂಡದ್ದು ಅಂತ ಆಗ್ತದೆ ಮಾರಾಯ್ತಿ. ನಮ್ಮಲ್ಲಿ ಹಾಗೆ ಮಾಡುವ ಕ್ರಮ ಇಲ್ಲ ಅಲ್ವಾ?"

ಕ್ರಮ ಇಲ್ಲ ಎನ್ನುವುದು ನಿಜ. ಗಿಡಕ್ಕೆ ತನ್ನ ಹೆಸರನ್ನು ತಾನೇ ಇಟ್ಟುಕೊಂಡವನನ್ನು ಸಸ್ಯಶಾಸ್ತ್ರದವರು ನಗೆಪಾಟಲು ಮಾಡುತ್ತಾರೆ. ಕಳ್ಳತನಕ್ಕೆ ಶಿಷ್ಟಾಚಾರದ ಅಂಗಿ ತೊಡಿಸಿದರೆ ಯಾರು ತಾನೇ ಕಳ್ಳನೆಂದು ಕೂಗಬಲ್ಲರು? ವಿಭಾಗದಲ್ಲಿ ಎಲ್ಲರೂ ಅವಳ ಕೈಕುಲುಕಿದರು, ಲಡ್ಡು ಹಂಚಿದರು. ಕಾರ್ಕಳದಲ್ಲಿ ಎಲಿಜಾ ಬಾಯಿ ಚರ್ಚಿನಿಂದ ಹೊರಬಂದವರನ್ನೆಲ್ಲ ನಿಲ್ಲಿಸಿ ಹೇಳಿದಳು: "ನನ್ನ ಮಗಳಿಗೆ ಮದುವೆ ಇಲ್ಲ, ಮಕ್ಕಳಿಲ್ಲ ಅಂತ ಹೇಳ್ತಿದ್ರಿ. ಈಗ ದೇವರು ಸೃಷ್ಟಿ ಮಾಡಿದ ಗಿಡಕ್ಕೇ ಅವಳ ಹೆಸರು." ಕಾನ್ಸೆಪ್ಟಾ ಪಕ್ಕದಲ್ಲಿ ನಿಂತು ನಗುತ್ತಿದ್ದಳು. ಲೇಖನ ಮಾತ್ರ ಈ ಸಲವೂ ಅವಳದ್ದಲ್ಲ.

ಲೇಖನ ಓದಿದ ಪತ್ರಿಕೆಯವರು, ಕಾಯಿ ಮತ್ತು ಎಲೆಯ ವ್ಯತ್ಯಾಸ ಸಾಲದು, ತಾಜಾ ಹೂವಿನ ವಿವರ ಬೇಕು ಎಂದರು. ಸರ್ ಹೂವು ನೋಡಲು ಬರುವ ದಿನ ಅವಳು ಬೆಳಗಾಗುತ್ತಲೇ ಪೊದೆಯ ಹತ್ತಿರ ಹೋಗಿ, ಆಗಷ್ಟೇ ಅರಳಿದ ಹೂಗಳನ್ನೆಲ್ಲ ಕಿತ್ತು ಒಣಗಿಸಲು ಕಾಗದದ ಮಡಿಕೆಗಳೊಳಗೆ ಒತ್ತಿಟ್ಟಳು. ಅಚ್ಚ ಬಿಳಿಯ ಎಸಳು, ಮೇಲಿನೆರಡು ಎಸಳುಗಳ ಬುಡದಲ್ಲಿ ಹಳದಿ ಮಚ್ಚೆ, ಥೇಟ್ ಬೇಲಿ ಕತ್ತರಿಯ ಹೂವೇ. ಸರ್ ಊಟ ಮುಗಿಸಿ ಮಣಿಪಾಲದಿಂದ ಕಾರಿನಲ್ಲಿ ಬರುವಾಗ ಗಿಡದಲ್ಲಿ ಉಳಿದಿದ್ದವು ಹಿಂದಿನ ದಿನದ ಹೂಗಳು ಮಾತ್ರ. ಎಸಳು ಗುಲಾಬಿಗೆ ತಿರುಗಿ, ಮಚ್ಚೆ ರಕ್ತಗೆಂಪಾಗಿತ್ತು.

ಬೇಲಿ ಕತ್ತರಿಯ ಹೂವು ಮಾರನೆಯ ದಿನ ಕೆಂಪಾಗುತ್ತದೆಂದು ಸರ್‌ಗೂ ಗೊತ್ತಿತ್ತು. ಅದಕ್ಕೇ ಕೇಳಿದರು.

"ಇದು ಇವತ್ತು ಅರಳಿದ್ದಾ, ನಿನ್ನೆಯದ್ದಾ?"

ಅವಳು ಅವರ ಬೂಟು ನೋಡಿದಳು. ಅದಕ್ಕೆ ಕಲ್ಲಿನ ಧೂಳು ಕೂಡ ಹತ್ತಿರಲಿಲ್ಲ.

"ಇವತ್ತು ಬೆಳಿಗ್ಗೆ ಅರಳಿದ್ದು ಸರ್. ನಾನೇ ನೋಡಿದೆ."

ಸರ್ ಹಿಗ್ಗಿಹೋದರು. ಅರಳುವಾಗಲೇ ಕೆಂಪು ಮಚ್ಚೆ! ಇಂಥದ್ದು ಬೇರೆ ಯಾವ ಕತ್ತರಿಯಲ್ಲೂ ಇಲ್ಲ. ಅದನ್ನೇ ಮುಖ್ಯ ಲಕ್ಷಣವೆಂದು ಬರೆದರು, ಕಾಯಿಯ ಹಿಡಿಕೆಗೆ ಅರ್ಧ ಸಾಲು ಸಿಕ್ಕಿತು. ಇನ್ನೊಂದು ಬೆಳಿಗ್ಗೆ ಬೇಗ ಎದ್ದು ಬಂದು ಒಮ್ಮೆ ನೋಡಿದ್ದರೆ ಸಾಕಿತ್ತು. ಬರಲಿಲ್ಲ. ಅವರು ಬರುವುದಿಲ್ಲ ಎಂದು ಅವಳಿಗೆ ಅವರಿಗಿಂತ ಚೆನ್ನಾಗಿ ಗೊತ್ತಿತ್ತು. ಲೇಖನ ಅಚ್ಚಿಗೆ ಹೋಗುವವರೆಗೂ ಬಾಯಿಗೆ ಬೀಗ ಹಾಕಿ ಕುಳಿತಳು.

ಲೇಖನ ಬಂತು. ಉಡುಪಿಯಲ್ಲಿ ಸರ್‌ಗೆ ಸನ್ಮಾನ, ಶಾಲು, ಹಣ್ಣಿನ ಬುಟ್ಟಿ. ವೇದಿಕೆಗೆ ಅವಳನ್ನೂ ಕರೆದು, "ಗಿಡದ ಹಾಗೆ ಈಕೆಯೂ ಸ್ವಲ್ಪ ಮುಳ್ಳು" ಎಂದು ಸರ್ ತಮಾಷೆ ಮಾಡಿದಾಗ ಸಭೆ ಚಪ್ಪಾಳೆ ತಟ್ಟಿತು. ಅವಳೂ ತಟ್ಟಿದಳು.

ಮುಂದಿನ ಹೂವಿನ ಕಾಲದಲ್ಲಿ ಅವಳು ಆ ಪೊದೆಯಲ್ಲಿ ಅರಳಿದ ಒಂದೊಂದು ಹೂವಿಗೂ ದಾರ ಕಟ್ಟಿದಳು, ಇವತ್ತಿನದ್ದಕ್ಕೆ ಒಂದು ಬಣ್ಣ, ನಾಳಿನದ್ದಕ್ಕೆ ಇನ್ನೊಂದು. ಕಾಪುವಿಗೆ ಹೋಗಿ ಬೇಲಿಯ ಹೂಗಳಿಗೂ ಕಟ್ಟಿದಳು. ಎರಡೂ ಕಡೆ ಹಳದಿ ಮಚ್ಚೆ ಮಾರನೆಯ ದಿನ ಕೆಂಪಾಗುವುದನ್ನು ಫೋಟೋ ತೆಗೆದು, ಹೊಸ ಜಾತಿ ಎಂಬುದು ಸುಳ್ಳು, ಇದು ಹಳೆಯ ಬೇಲಿ ಕತ್ತರಿಯೇ ಎಂದು ಬರೆದಳು. ಕಾಯಿಯ ಹಿಡಿಕೆ? ಎಲೆಯ ರೋಮ? ಕಲ್ಲುನೆಲದಲ್ಲಿ ಹಾಗೆ ವ್ಯತ್ಯಾಸವಾಗುವುದುಂಟು ಎಂದು ಒಂದು ಸಾಲು ಗೀಚಿದಳು. ಅದು ಶುದ್ಧ ಸುಳ್ಳು. ಎದುರು ಮನೆಯವರಿಗೆ ಅಪಶಕುನವಾಗಲಿ ಎಂದು ತನ್ನ ಮೂಗು ಕೊಯ್ದುಕೊಂಡ ಹಾಗೆ, ಗಿಡದ ಮೇಲಿದ್ದ ತನ್ನ ಹೆಸರನ್ನು ತಾನೇ ಕತ್ತರಿಸಿ ಬಿಸಾಡಿದಳು. ಲೇಖನ ಅಚ್ಚಾದಾಗ ಲೇಖಕರ ಜಾಗದಲ್ಲಿ ಒಂದೇ ಹೆಸರಿತ್ತು, ಅವಳದ್ದು.

ಸರ್ ಅವಳನ್ನು ಪ್ರಯೋಗಾಲಯದಲ್ಲಿ ಹಿಡಿದರು. ಮುಖದಲ್ಲಿ ಆ ನಗು ಇರಲಿಲ್ಲ.

"ಇವತ್ತು ಅರಳಿದ್ದು ಅಂತ ಹೇಳಿದ್ದು ನೀನಲ್ವಾ?"

"ಹೌದು ಸರ್. 'ಕಾನ್ಸೆಪ್ಟಾ ಹೇಳಿದಳು, ನಾನು ನೋಡದೆ ಬರೆದೆ' ಅಂತ ಪತ್ರಿಕೆಗೆ ಬರೆಯಿರಿ. ಲೇಖಕರಲ್ಲಿ ನನ್ನ ಹೆಸರೇ ಇಲ್ಲವಲ್ಲ, ತಪ್ಪು ನನ್ನದು ಹೇಗಾಗ್ತದೆ?"

ಸರ್ ಸ್ಟೂಲಿನ ಮೇಲೆ ಕುಳಿತರು. ಅವರಿಗೆ ವಯಸ್ಸಾಗಿರುವುದು ಆ ದಿನ ಕಂಡಿತು. ಅವಳಿಗೆ ಕನಿಕರ ಬರಲಿಲ್ಲ. ಬರಬಹುದೇನೋ ಎಂದು ಸ್ವಲ್ಪ ಹೊತ್ತು ನಿಂತು ಕಾದಳು, ಆಮೇಲೆ ಕ್ಲಾಸಿಗೆ ಹೋದಳು. ಸರ್ ಅವಧಿಗೆ ಮೊದಲೇ ನಿವೃತ್ತಿ ಪಡೆದರು. ಅವಳ ಕೆಲಸ ಕಾಯಂ ಆಯಿತು.

ಆದೇಶ ಕೈಗೆ ಬಂದ ಸಂಜೆ ಅವಳು ತಾಯಿಗೆ ಕೆಲಸದ ಮತ್ತು ತನ್ನ ಲೇಖನದ ವಿಷಯ ಹೇಳಿದಳು. ಎಲಿಜಾ ಬಾಯಿ ಕೆಲಸದ ಸುದ್ದಿ ಕೇಳಿ ಶಿಲುಬೆಯ ಗುರುತು ಮಾಡಿಕೊಂಡಳು.

"ಹಾಗಾದರೆ ಗಿಡಕ್ಕೆ ಈಗ ನಿನ್ನ ಹೆಸರು ಇಲ್ವಾ?"

"ಇಲ್ಲ ಮಾಂಯ್. ಹಳೆಯ ಹೆಸರೇ."

"ಅದು ಹೊಸ ಗಿಡ ಅಲ್ಲವಾ ಹಾಗಾದರೆ? ಸರ್ ಸುಳ್ಳು ಹೇಳಿದ್ದಾ?"

ಹೌದು ಎಂದಿದ್ದರೆ ಮುಗಿಯುತ್ತಿತ್ತು. ಊರಿಗೆಲ್ಲ ಹಾಗೆಯೇ ಹೇಳಿದ್ದಳು. ತಾಯಿಯ ಮುಂದೆ ನಾಲಿಗೆ ಹೊರಳಲಿಲ್ಲ.

"ಹೊಸದೇ ಮಾಂಯ್. ಅದು ನನಗೆ ಗೊತ್ತುಂಟು."

ಎಲಿಜಾ ಬಾಯಿ ಬೈಯಲಿಲ್ಲ. ದಿನಾ ಆ ಹೊತ್ತಿಗೆ ಇಬ್ಬರೂ ಒಟ್ಟಿಗೆ ಮೊಣಕಾಲೂರಿ, ಅರ್ಧ ತಾಯಿ, ಅರ್ಧ ಮಗಳು ಎಂದು ಜಪಸರ ಹೇಳುವ ಕ್ರಮ. ಅವತ್ತು ಮುದುಕಿ ತನ್ನ ಚಾಪೆಯನ್ನು ಮಾತ್ರ ಬಿಡಿಸಿದಳು, ಮಗಳ ಕಡೆ ಬೆನ್ನು ಹಾಕಿ, ಇಬ್ಬರ ಪಾಲಿನ ಮಂತ್ರವನ್ನೂ ಒಬ್ಬಳೇ ಹೇಳತೊಡಗಿದಳು.