ಕೈಯೊಳಗಿನ ಬೀಗದಕೈ

ಬಸ್ ನಿಲ್ದಾಣದ ಎದುರಿನ ಹಳೆಯ ಕಟ್ಟಡದಲ್ಲಿ, ಮೆಟ್ಟಿಲ ಕೆಳಗೆ, ಒಂದು ಗೂಡಂಗಡಿ. ಒಳಗೆ ಒಬ್ಬ ಕೂತರೆ ಗಿರಾಕಿ ಬೀದಿಯಲ್ಲೇ ನಿಲ್ಲಬೇಕು. ಇಪ್ಪತ್ತೊಂಬತ್ತು ವರ್ಷದಿಂದ ಅಲ್ಲಿ ಕೂತು ಬೀಗದಕೈ ಮಾಡುತ್ತಿದ್ದವನನ್ನು ಚಿಕ್ಕವರು ದೊಡ್ಡವರೆನ್ನದೆ ಎಲ್ಲರೂ ‘ಬೀಗದ ಮಾವ’ ಎಂದೇ ಕರೆಯುತ್ತಿದ್ದರು. ಕೈಯಲ್ಲಿ ಅರ, ಕಿವಿಯ ಮೇಲೆ ಪೆನ್ಸಿಲ್, ಬಾಯಲ್ಲಿ ಸದಾ ಒಂದು ಕುಚೋದ್ಯ. ಬೀಗದಕೈ ಕಳೆದುಕೊಂಡು ಪೆಚ್ಚುಮೋರೆ ಹಾಕಿಕೊಂಡು ಬಂದವರನ್ನು ಅವನು ಮೊದಲು ಕೇಳುತ್ತಿದ್ದದ್ದು, "ಎಲ್ಲಿ ಕಳೀತು?" ಅಂತ. "ಗೊತ್ತಿದ್ರೆ ನಿಮ್ಮ ಹತ್ರ ಯಾಕೆ ಬರ್ತಿದ್ದೆ?" ಎಂದು ಅವರು ರೇಗಬೇಕು. ಹಾಗೆ ನಾಲ್ಕು ಜನ ರೇಗದಿದ್ದರೆ ಅವನಿಗೆ ದಿನ ಕಳೆದಂತೆಯೇ ಆಗುತ್ತಿರಲಿಲ್ಲ.

ಅವನ ಅಂಗಡಿಗೆ ಅನ್ನ ಹಾಕುತ್ತಿದ್ದದ್ದು ರಸ್ತೆಯಾಚೆಯ ಏಳು ಮಹಡಿಯ ವಿಮಾ ಕಚೇರಿ. ನೂರಾರು ಮೇಜು, ಪ್ರತಿ ಮೇಜಿಗೂ ಮೂರು ಡ್ರಾಯರು, ಪ್ರತಿ ಡ್ರಾಯರಿಗೂ ಒಬ್ಬ ಮರೆಗುಳಿ. ಬೀಗದವನಿಗೆ ಇದಕ್ಕಿಂತ ಭಾಗ್ಯ ಬೇಕೇ?

ಹೀಗಿರುವಾಗ ಒಂದು ಸೋಮವಾರ ಕಚೇರಿಯ ಮ್ಯಾನೇಜರು ಸಿಬ್ಬಂದಿಯನ್ನೆಲ್ಲ ಸೇರಿಸಿ, ಇನ್ನು ಮುಂದೆ ಬೀಗದಕೈಯೂ ಬೇಡ, ಕೊರಳಿಗೆ ಕಾರ್ಡೂ ಬೇಡ ಎಂದು ಸಾರಿದರು. ಹೆಬ್ಬೆರಳು, ತೋರುಬೆರಳಿನ ನಡುವಿನ ಮೆತ್ತನೆಯ ಜಾಗದಲ್ಲಿ, ಚರ್ಮದಡಿ, ಅಕ್ಕಿಕಾಳಿನಷ್ಟು ಗಾತ್ರದ ಒಂದು ಚಿಪ್. ಕೈ ತೋರಿಸಿದರೆ ಬಾಗಿಲು ತೆರೆಯುತ್ತದೆ, ಡ್ರಾಯರು ತೆರೆಯುತ್ತದೆ, ಚಹಾದ ಯಂತ್ರವೂ ಚಹಾ ಸುರಿಸುತ್ತದೆ. "ಬಲವಂತ ಏನೂ ಇಲ್ಲ" ಎಂದರು. ಆದರೆ ಚಿಪ್ ಇಲ್ಲದವರು ಹಿಂದಿನ ಬಾಗಿಲಿಗೆ ಸುತ್ತಿಕೊಂಡು ಹೋಗಿ, ದಿನಾ ರಿಜಿಸ್ಟರಿನಲ್ಲಿ ಸಹಿ ಹಾಕಿ ಒಳಬರಬೇಕು. ಎರಡೇ ವಾರದಲ್ಲಿ ಮುಕ್ಕಾಲು ಪಾಲು ಜನ ಕೈ ಚುಚ್ಚಿಸಿಕೊಂಡರು.

ಬೀಗದ ಮಾವನಿಗೆ ನೊಣ ಹೊಡೆಯುವ ಕಾಲ ಬಂತು. ಬೇರೆಯವನಾಗಿದ್ದರೆ ಹಿಡಿಶಾಪ ಹಾಕುತ್ತಿದ್ದ. ಇವನಿಗೆ ಹೊಟ್ಟೆಕಿಚ್ಚಿಗಿಂತ ಕುತೂಹಲ ಹೆಚ್ಚು. ಕಚೇರಿಯವರಿಗೆಲ್ಲ ಚುಚ್ಚಿದ್ದು ಮೂಲೆಯ ಹಚ್ಚೆ ಅಂಗಡಿಯವನೆಂದು ತಿಳಿದು ನೆಟ್ಟಗೆ ಅಲ್ಲಿಗೇ ಹೋದ. ಹಚ್ಚೆಯವನು ಅದೇ ಪೆಟ್ಟಿಗೆಯಿಂದ ಒಂದು ಚಿಪ್ ತೆಗೆದು, ದಪ್ಪ ಸೂಜಿಯಲ್ಲಿ ಇವನ ಬಲಗೈಗೂ ಏರಿಸಿದ.

ಹೆಂಡತಿ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸು. ಬಾಗಿಲಲ್ಲೇ ಕೈಯ ಪಟ್ಟಿ ಕಂಡಳು.

"ಏನ್ರೀ ಇದು?"

"ಬೀಗದಕೈ."

"ಎಲ್ಲಿ?"

"ಒಳಗೆ. ಬೀಗದ ಕೈ ಅಂತ ಹಿರಿಯರು ಸುಮ್ನೆ ಹೆಸರಿಟ್ರಾ? ಈಗ ತಾನೇ ಅದು ನಿಜವಾದ ಕೈ ಆಯ್ತು ನೋಡು."

ವಿಷಯ ತಿಳಿದು ಅವಳು ಹಣೆ ಚಚ್ಚಿಕೊಂಡಳು. "ಈ ವಯಸ್ಸಲ್ಲಿ ಕೈಯೊಳಗೆ ಕಾಳು ಬಿತ್ತಿಸ್ಕೊಂಡು ಬಂದಿದ್ದೀರಲ್ಲ, ಮೊಳಕೆ ಬಂದ್ರೆ ಕೊಯ್ಲಿಗೆ ಯಾರನ್ನ ಕರೀಲಿ?"

ಮೊಳಕೆ ಬರಲಿಲ್ಲ, ಮೂರನೆಯ ದಿನ ಕೀವು ಬಂತು. ಕೈ ಊದಿ ಬನ್ನಿನಂತಾಯಿತು, ಮೈ ಸುಡತೊಡಗಿತು.

"ಆ ಹಚ್ಚೆಯವನು ಕೈ ತೊಳ್ಕೊಂಡಿದ್ನಾ?"

"ತೊಳ್ಕೊಂಡಿದ್ದ."

"ಯಾವಾಗ? ಬೆಳಿಗ್ಗೆ ಎದ್ದಾಗಲಾ?"

ಏಳು ದಿನ ಮಾತ್ರೆ ನುಂಗಿಸಿ, ದಿನಕ್ಕೆರಡು ಸಲ ಗಾಯ ತೊಳೆದು, ಪ್ರತಿ ಸಲವೂ ಬೈದು, ಅವಳೇ ವಾಸಿ ಮಾಡಿದಳು. ಬುದ್ಧಿ ಬರಬೇಕಿತ್ತು. ಅದರ ಬದಲು ಅವನು ಮನೆಯ ಬಾಗಿಲಿಗೇ ಚಿಪ್ ಬೀಗ ಕೂರಿಸಿದ. ತಿಂಗಳೊಳಗೆ ಒಂದು ಸಂಜೆ ಮನೆಗೆ ಬಂದು ಕೈ ತೋರಿಸುತ್ತಾನೆ, ಬಾಗಿಲು ಜಪ್ಪಯ್ಯ ಅಂದರೂ ತೆರೆಯಲಿಲ್ಲ. ಕೈಯನ್ನು ಅಂಗಿಗೆ ಒರೆಸಿ ತೋರಿಸಿದ, ಊದಿ ತೋರಿಸಿದ.

"ಯಾರದು?" ಒಳಗಿನಿಂದ ಹೆಂಡತಿ ಕೇಳಿದಳು.

"ನಾನು ಕಣೇ, ಬಾಗಿಲು ತೆಗಿ."

"ಕೈ ತೋರ್ಸಿ."

"ಬ್ಯಾಟರಿ ಸತ್ತಿದೆ."

"ಕೈದಾ, ಬಾಗಿಲಿಂದಾ?"

ಅವಳು ಬಾಗಿಲು ತೆರೆಯುವಷ್ಟರಲ್ಲಿ ಮೇಲಿನ ಮಹಡಿಯವರೆಲ್ಲ ಮೆಟ್ಟಿಲ ಮೇಲೆ ನಿಂತು ಬೀಗದ ಮಾವನಿಗೇ ಬೀಗ ಬಿದ್ದದ್ದನ್ನು ಕಣ್ತುಂಬ ನೋಡಿಯಾಗಿತ್ತು.

ಆದರೂ ಆ ಕಾಳನ್ನು ಪೂರ್ತಿ ಬೈಯಲು ಅವನಿಗೆ ಮನಸ್ಸಾಗದ್ದಕ್ಕೆ ಒಂದು ಕಾರಣವಿತ್ತು. ಅವನಿಗೆ ಶಾಲೆಯಲ್ಲಿ ಗಣಿತ ಕಲಿಸಿದ್ದ ಟೀಚರಮ್ಮ ಹಿಂದಿನ ಬೀದಿಯಲ್ಲಿ ಒಬ್ಬರೇ ಇದ್ದರು. ಎಪ್ಪತ್ತೆಂಟು ವರ್ಷ. ಸಂಧಿವಾತದಿಂದ ಬೆರಳುಗಳು ಶುಂಠಿ ಬೇರಿನಂತೆ ಸೊಟ್ಟಗಾಗಿ, ಬೀಗ ತಿರುಗಿಸುವುದೇ ಒಂದು ಯುದ್ಧ. ಆ ಯುದ್ಧಕ್ಕೆ ಹೆದರಿ ಹೊರಗೆ ಹೋಗುವುದನ್ನೇ ಬಿಟ್ಟಿದ್ದರು.

ಅವನು ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದ. "ಟೀಚರ್, ಇದರಲ್ಲಿ ಸುಖಾನೂ ಇದೆ, ತಾಪತ್ರಯಾನೂ ಇದೆ. ಕೈ ಊದಬಹುದು. ಬ್ಯಾಟರಿ ಸಾಯಬಹುದು. ಬೇಡ ಅನ್ನಿಸಿದ್ರೆ ಕೊಯ್ದೇ ತೆಗೀಬೇಕು. ಅದೇ ಕೆಲಸಕ್ಕೆ ಕಾರ್ಡೂ ಸಿಗುತ್ತೆ."

"ಕಾರ್ಡ್ ಇಟ್ಟ ಜಾಗ ಮರೀತೀನಿ ಕಣೋ. ಕೈ ಇಟ್ಟ ಜಾಗ ಇನ್ನೂ ಮರೆತಿಲ್ಲ."

ಈ ಸಲ ಹಚ್ಚೆಯವನ ಹತ್ತಿರ ಹೋಗಲಿಲ್ಲ. ಹೆಂಡತಿಯೇ ತನ್ನ ಆಸ್ಪತ್ರೆಯ ಡಾಕ್ಟರಿಗೆ ಹೇಳಿ ಶುದ್ಧವಾಗಿ ಮಾಡಿಸಿದಳು. ಬೀಗ ಕೂರಿಸಿದ ದಿನ ಟೀಚರಮ್ಮ ಏನೂ ಕೆಲಸವಿಲ್ಲದೆ ಹನ್ನೊಂದು ಸಲ ಹೊರಗೆ ಹೋಗಿ ಒಳಗೆ ಬಂದರು. ಹನ್ನೆರಡನೆಯ ಸಲ ಹೊರಟವರು ಕಣ್ಣೊರೆಸಿಕೊಂಡು, "ತರಕಾರಿ ತರ್ತೀನಿ, ನೀನು ಹೋಗು" ಎಂದು ಅವನನ್ನು ಗದರಿ ಕಳಿಸಿದರು.

ಇನ್ನೊಬ್ಬರ ಬಾಗಿಲಿಗೆ ಹಾಕಿದ ಮೇಲೆ ಬೀಗದವನಿಗೆ ಸುಮ್ಮನಿರಲಾಗಲಿಲ್ಲ. ಮುರಿಯುವುದು ಹೇಗೆಂದು ತಿಳಿಯದ ಬೀಗವನ್ನು ಅವನು ನಂಬುವವನಲ್ಲ. ಮೊಬೈಲ್ ರಿಪೇರಿಯವರ ಬೀದಿಯಲ್ಲಿ ವಿಚಾರಿಸಿ, ಬೆಂಕಿಪೊಟ್ಟಣದಷ್ಟು ದೊಡ್ಡ ಒಂದು ಯಂತ್ರ ತಂದ. ತನ್ನ ಕೈಗೆ ತಾಗಿಸಿದ. ಕುಂಯ್ ಎಂದಿತು. ಅಷ್ಟೇ, ಕೈಯ ನಂಬರು ಯಂತ್ರದೊಳಗೆ. ಅಲ್ಲಿಂದ ಒಂದು ಖಾಲಿ ಕಾರ್ಡಿಗೆ ಇಳಿಸಿದ. ಕಾರ್ಡು ಅವನ ಮನೆ ಬಾಗಿಲನ್ನು ಸಲೀಸಾಗಿ ತೆರೆಯಿತು. ಚಿಪ್ಪಿಗೆ ಗುಟ್ಟೆಂಬುದೇ ಗೊತ್ತಿರಲಿಲ್ಲ. ಹತ್ತಿರ ಬಂದು ಕೇಳಿದವರಿಗೆಲ್ಲ ನಂಬರು ಒದರುವ ಬಾಯಿಬಡುಕ ಅದು.

ಮಾರನೆಯ ದಿನವೇ ಕಚೇರಿಗೆ ಹೋಗಿ, ಸ್ವಾಗತದ ಹುಡುಗಿಯ ಎದುರಿಗೇ ಮ್ಯಾನೇಜರಿಗೆ ಹೇಳಿದ. ಅವರು ನಕ್ಕರು. "ಬೀಗದ ಮಾವ, ನಿಮ್ಮ ಸಂಕಟ ನನಗೆ ಅರ್ಥ ಆಗುತ್ತೆ. ಅಷ್ಟು ಸುಲಭ ಅಂದ್ರೆ ಒಳಗೆ ಬಂದು ತೋರ್ಸಿ ನೋಡೋಣ."

"ಬರಲಾ ಸಾರ್? ಆಮೇಲೆ ಬೇಜಾರು ಮಾಡ್ಕೋಬಾರದು."

"ಧಾರಾಳವಾಗಿ ಬನ್ನಿ."

ಬೀಗದ ಮಾವ ಮನೆಗೆ ಬಂದು ಯಂತ್ರವನ್ನು ಎಡಗೈಯ ಅಂಗೈಯಲ್ಲಿಟ್ಟು ಹೆಂಡತಿಯ ಮುಂದೆ ಚಾಚಿದ. "ಇದರ ಮೇಲೆ ಬ್ಯಾಂಡೇಜ್ ಸುತ್ತು."

ಇಪ್ಪತ್ತಾರು ವರ್ಷದ ನೌಕರಿಯಲ್ಲಿ ಅವಳು ಬೆಂಕಿಪೊಟ್ಟಣಕ್ಕೆ ಬ್ಯಾಂಡೇಜ್ ಸುತ್ತಿದ್ದು ಅದೇ ಮೊದಲು. ಏನೆಂದು ಕೇಳಿದಳು, ಕೇಳಿ ನಕ್ಕಳು, ನಕ್ಕು ಇನ್ನೊಂದು ಸುತ್ತು ಬಿಗಿಯಾಗಿ ಸುತ್ತಿದಳು.

ಸಂಜೆ ಮ್ಯಾನೇಜರು ಕಾರು ಹತ್ತುವ ಹೊತ್ತಿಗೆ ಎದುರು ನಿಂತು, "ಬೆಳಿಗ್ಗೆ ಹೆಚ್ಚುಕಡಿಮೆ ಮಾತಾಡಿದೆ ಸಾರ್. ಎಲ್ಲಿ, ಕೈ ಕೊಡಿ" ಅಂದ. ಮ್ಯಾನೇಜರು ಕೈ ಕೊಟ್ಟರು. ಇವನು ಬಲಗೈಯಲ್ಲಿ ಹಿಡಿದು, ಬ್ಯಾಂಡೇಜಿನ ಎಡಗೈಯನ್ನು ಅವರ ಕೈಯ ಮೇಲಿಟ್ಟು ಪ್ರೀತಿಯಿಂದ ಒತ್ತಿದ. ಯಂತ್ರ ಕುಂಯ್ ಅನ್ನುವ ಸರಿಯಾದ ಕ್ಷಣಕ್ಕೆ ಜೋರಾಗಿ ಕೆಮ್ಮಿದ. "ಕೆಮ್ಮಿಗೆ ಔಷಧಿ ತಗೊಳ್ಳಿ" ಎಂದರು ಮ್ಯಾನೇಜರು.

ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಮ್ಯಾನೇಜರು ಕಚೇರಿಯ ಬಾಗಿಲಿಗೆ ಕೈ ತೋರಿಸಿದರು. ಕೆಂಪು ದೀಪ. ಮತ್ತೆ ತೋರಿಸಿದರು. ಮತ್ತೆ ಕೆಂಪು. ಒಳಗಿನಿಂದ ಕಾವಲುಗಾರ ಪರದೆ ನೋಡಿ ತಲೆ ಕೆರೆದುಕೊಂಡ.

"ಸಾರ್, ನೀವು ಆಗಲೇ ಒಳಗಿದ್ದೀರಂತೆ."

"ಏನಂದೆ?"

"ಎಂಟು ಹತ್ತಕ್ಕೆ ಬಂದಿದ್ದೀರಿ. ಎಂಟೂಕಾಲಿಗೆ ಚಹಾ ಕುಡಿದ್ರಿ. ಎಂಟೂವರೆಗೆ ಇನ್ನೊಂದು. ಒಳಗೆ ಹೋದವರು ಹೊರಗೆ ಬರದೆ ಮತ್ತೆ ಒಳಗೆ ಬರೋ ಹಾಗಿಲ್ಲ ಅಂತ ನೀವೇ ರೂಲ್ಸ್ ಮಾಡಿಸಿದ್ದು, ಸಾರ್."

ತಾವೇ ಒಳಗಿರುವ ಕಚೇರಿಯ ಹೊರಗೆ ಮ್ಯಾನೇಜರು ಹತ್ತು ನಿಮಿಷ ನಿಂತರು. ಹಿಂದೆ ಸಿಬ್ಬಂದಿಯ ಸಾಲು ಬೆಳೆಯಿತು. ಕೊನೆಗೆ ಅವರೂ ಹಿಂದಿನ ಬಾಗಿಲಿಗೆ ಸುತ್ತಿಕೊಂಡು ಹೋಗಿ, ರಿಜಿಸ್ಟರಿನಲ್ಲಿ ಸಹಿ ಹಾಕಿ ಒಳಬಂದರು. ತಮ್ಮ ಕೋಣೆಯಲ್ಲಿ ನೋಡಿದರೆ, ಗಿರಾಕಿಗಳ ಕುರ್ಚಿಯಲ್ಲಿ ಬೀಗದ ಮಾವ ಪೇಪರು ಓದುತ್ತ ಕೂತಿದ್ದಾನೆ, ಎದುರಿಗೆ ಎರಡು ಖಾಲಿ ಲೋಟ.

ಮ್ಯಾನೇಜರ ಮುಖ ಕೆಂಪಾಯಿತು. ಪೊಲೀಸರ ಹೆಸರು ಬಾಯಿಗೆ ಬಂದದ್ದೂ ನಿಜ. ಆದರೆ "ಧಾರಾಳವಾಗಿ ಬನ್ನಿ" ಅಂದದ್ದಕ್ಕೆ ಸಾಕ್ಷಿಯಾಗಿದ್ದ ಸ್ವಾಗತದ ಹುಡುಗಿ ಬಾಗಿಲಲ್ಲೇ ನಿಂತಿದ್ದಳು.

"ಬೀಗದಕೈ ಕದ್ರೆ ಬೀಗ ಬದಲಾಯಿಸ್ಬಹುದು ಸಾರ್" ಎಂದ ಬೀಗದ ಮಾವ, ಈಗ ನಗದೆ. "ಈ ನಂಬರು ಕದ್ರೆ ಏನು ಮಾಡ್ತೀರಿ? ಎಲ್ಲರ ಕೈ ಕೊಯ್ಯಿಸ್ತೀರಾ?"

ಆ ಹುಡುಗಿ ಮೆಲ್ಲಗೆ ಕೇಳಿದಳು: "ಸಾರ್, ನಾಳೆ ನಾನು ಕೆಲಸ ಬಿಟ್ರೆ ಇದನ್ನ ಯಾರು ತೆಗೀತಾರೆ?"

ಮ್ಯಾನೇಜರು ತಮ್ಮ ಕೈಯನ್ನೇ ತಿರುಗಿಸಿ ನೋಡಿಕೊಂಡರು. ಬೀಗದ ಮಾವ ಅವರೆದುರಿಗೇ ಅಂಗೈಯಲ್ಲಿ ಅಡಗಿಸಿ ತಂದಿದ್ದ ನಕಲಿ ಕಾರ್ಡಿನಿಂದಲೂ ಯಂತ್ರದಿಂದಲೂ ಅವರ ನಂಬರು ಅಳಿಸಿ ತೋರಿಸಿದ. ಆ ತಿಂಗಳಲ್ಲೇ ಬಾಗಿಲುಗಳಿಗೆ ಚಿಪ್ಪಿನ ಜೊತೆ ಒತ್ತುವ ಗುಪ್ತಸಂಖ್ಯೆಯೂ ಬಂತು, ಚಿಪ್ ಇಲ್ಲದವರಿಗೂ ಮುಂಬಾಗಿಲು ತೆರೆಯಿತು, ಬೇಡವೆಂದವರ ಚಿಪ್ಪನ್ನು ಕಚೇರಿಯೇ ಡಾಕ್ಟರಿಂದ ತೆಗೆಸಿಕೊಟ್ಟಿತು. ಡ್ರಾಯರುಗಳಿಗೆ ಮಾಮೂಲಿ ಬೀಗಗಳು ಮರಳಿದವು. ಮರೆಗುಳಿಗಳೂ ಮರಳಿದರು.

ಅವನ ಮನಸ್ಸಿಗೆ ಚುಚ್ಚುತ್ತಿದ್ದದ್ದು ಟೀಚರಮ್ಮನ ಬಾಗಿಲು. ಕದಿಯಬಹುದೆಂಬ ಮಾತನ್ನು ಅವರಿಗೆ ಮೊದಲೇ ಹೇಳಿರಲಿಲ್ಲ, ಆಗ ಅವನಿಗೇ ಗೊತ್ತಿರಲಿಲ್ಲ. ಹೋಗಿ ಒಪ್ಪಿಕೊಂಡ. "ತಪ್ಪಾಯ್ತು ಟೀಚರ್. ಯಾರಾದ್ರೂ ಹತ್ತಿರ ಬಂದು ನಿಮ್ಮ ಕೈ ಹಿಡಿದ್ರೆ ಸಾಕು, ಮನೇನೇ ಅವರದ್ದಾಗುತ್ತೆ."

ಟೀಚರಮ್ಮ ಕನ್ನಡಕದ ಮೇಲಿನಿಂದ ನೋಡಿದರು. "ಈ ವಯಸ್ಸಲ್ಲಿ ಒಬ್ಬ ಬಂದು ನನ್ನ ಕೈ ಹಿಡೀತಾನೆ ಅಂದ್ರೆ ಬರಲಿ ಬಿಡೋ, ಮನೆ ಕೊಡೋಣ."

ನಕ್ಕು ನಕ್ಕು ಅವನ ಕೈಯಿಂದ ಸ್ಕ್ರೂಡ್ರೈವರು ಜಾರಿತು. ಆದರೂ ಸೊಟ್ಟ ಬೆರಳಿಗೆ ಎಟುಕುವಂತೆ ದೊಡ್ಡ ಗುಂಡಿಗಳ ಅಂಕಿಫಲಕವನ್ನು ಬಾಗಿಲಿಗೆ ಕೂರಿಸಿದ. "ನಿಮಗೆ ಬೇಕಾದ ನಾಲ್ಕು ಅಂಕಿ ಒತ್ತಿ. ನನಗೆ ಹೇಳ್ಬೇಡಿ."

"ಏಳು ಒಂಬತ್ತು ಒಂದು ಒಂಬತ್ತು" ಎಂದು ತರಗತಿಯಲ್ಲಿ ಹೇಳುವಂತೆ ಗಟ್ಟಿಯಾಗಿ ಹೇಳುತ್ತಲೇ ಒತ್ತಿದರು. "ಸಾವಿರನೇ ಅವಿಭಾಜ್ಯ ಸಂಖ್ಯೆ ಕಣೋ. ಯಾರು ಎಷ್ಟು ತಿಣುಕಿದ್ರೂ ಭಾಗ ಹೋಗಲ್ಲ."

"ಟೀಚರ್! ಹೇಳ್ಬೇಡಿ ಅಂದ್ನಲ್ಲ!"

"ನಿನಗೆ ಹೇಳಿದ್ರೆ ಏನಂತೆ? ಅವಿಭಾಜ್ಯ ಅಂದ್ರೆ ಏನೂಂತ ಐದನೇ ಕ್ಲಾಸಿಂದ ಇವತ್ತಿನವರೆಗೂ ನಿನ್ನ ತಲೇಲಿ ನಿಂತಿದೆಯಾ?"